ಹಿತ್ತಲ ಚಪ್ಪರ ಮತ್ತು ಎಚ್‌ಒಎ: ಏಳು ತಿಂಗಳ ಅನುಭವ

ಹಿತ್ತಲಲ್ಲಿ ಸೋರೆಬಳ್ಳಿ ಹಬ್ಬಿಸಲೆಂದು ಹಾಕಿದ ಒಂದು ಚಪ್ಪರವನ್ನು ಉಳಿಸಿಕೊಳ್ಳಲು ನಮಗೆ ಸುಮಾರು ಏಳು ತಿಂಗಳು ಹಿಡಿಯಿತು. ಇಲ್ಲಿ ಎಲ್ಲರೂ ಎಚ್‌ಒಎ ಎಂದು ಕರೆಯುವ ಮನೆ ಮಾಲೀಕರ ಸಂಘದಿಂದ 2024ರ ಏಪ್ರಿಲ್‌ನಲ್ಲಿ ಬಂದ ಒಂದು ಪತ್ರದೊಂದಿಗೆ ಶುರುವಾದ ವ್ಯವಹಾರ ಅದೇ ವರ್ಷದ ನವೆಂಬರ್‌ನಲ್ಲಿ ಮುಗಿಯಿತು. ನಮ್ಮ ಮನೆ ಇರುವುದು ಟೆಕ್ಸಸ್ ರಾಜ್ಯದ ಆಸ್ಟಿನ್ ನಗರದ ಉತ್ತರಕ್ಕೆ, ವಿಲಿಯಮ್ಸನ್ ಕೌಂಟಿಯ ಒಂದು ಬಡಾವಣೆಯಲ್ಲಿ. ಸುತ್ತಮುತ್ತ ಪರಿಚಯದ ಕನ್ನಡ ಕುಟುಂಬಗಳು ಹಲವಿವೆ. ಅವರಲ್ಲಿ ಇಬ್ಬರು ಇಂಥದೇ ಪತ್ರ ಕೈಸೇರಿದ ವಾರದೊಳಗೆ, ಯಾರನ್ನೂ ಏನೂ ಕೇಳದೆ, ಕಟ್ಟಿದ್ದನ್ನು ಕಿತ್ತುಹಾಕಿದ್ದರು. ಅವರಲ್ಲಿ ಒಬ್ಬರಾದರೂ ಕೀಳುವ ಅಗತ್ಯವೇ ಇರಲಿಲ್ಲವೆಂದು ನನಗೆ ಈಗ ಅನ್ನಿಸುತ್ತದೆ. ಆ ಕಾರಣಕ್ಕೇ ನಡೆದದ್ದನ್ನು, ನಮ್ಮ ತಪ್ಪನ್ನೂ ಸೇರಿಸಿ, ವಿವರವಾಗಿ ಬರೆಯುತ್ತಿದ್ದೇನೆ.

ಅಮ್ಮ ತಿಪಟೂರಿನಿಂದ ಬಂದದ್ದು ಮಾರ್ಚ್ ಎರಡನೇ ವಾರದಲ್ಲಿ, ಆರು ತಿಂಗಳ ಮಟ್ಟಿಗೆ. ಊರಿನ ಹಿತ್ತಲಲ್ಲಿ ಸೋರೆ, ಹೀರೆ, ಪಡವಲ ಇಲ್ಲದೆ ಅವರು ಒಂದು ವರ್ಷವನ್ನೂ ಕಳೆದವರಲ್ಲ. ಇಲ್ಲಿ ಮಾರ್ಚ್ ಮಧ್ಯಭಾಗದ ಹೊತ್ತಿಗೆ ಗಿಡ ಸುಡುವ ಚಳಿ ಕಳೆದು ಬೀಜ ಹಾಕುವ ಕಾಲ ಬರುತ್ತದೆ. ಅಮ್ಮ ಹಿತ್ತಲನ್ನು ಒಂದು ಸುತ್ತು ನೋಡಿ, "ಅಳಿಯಂದಿರೇ, ನಾಲ್ಕು ಕಂಬ ನಿಲ್ಸಿಕೊಟ್ರೆ ಸಾಕು, ಮಿಕ್ಕಿದ್ದು ನಾನು ನೋಡ್ಕೋತೀನಿ" ಎಂದರು. ನನ್ನ ಪತಿ ಎರಡು ವಾರಾಂತ್ಯ ಕೂತು ಕೆಲಸ ಮುಗಿಸಿದರು. ಸೀಡರ್ ಮರದ ನಾಲ್ಕು ಕಂಬಗಳಿಗೆ ಎರಡಡಿ ಆಳದ ಗುಂಡಿ ತೆಗೆದು ಕಾಂಕ್ರೀಟ್ ಹಾಕಿದರು. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ, ಎಂಟು ಅಡಿ ಎತ್ತರ. ಮೇಲಕ್ಕೆ, ದನದ ಬೇಲಿಗೆಂದು ಇಲ್ಲಿಯ ಕೃಷಿ ಅಂಗಡಿಗಳಲ್ಲಿ ಮಾರುವ ಹದಿನಾರು ಅಡಿ ಉದ್ದದ ದಪ್ಪ ಕಂಬಿಯ ಜಾಲರಿಯನ್ನು ಕತ್ತರಿಸಿ ಹಾಸಿದರು. ಉಳಿದ ಒಂದು ಚೀಲ ಸಿಮೆಂಟಿನಲ್ಲಿ ಮತ್ತು ಒಂದಿಷ್ಟು ಇಟ್ಟಿಗೆಯಲ್ಲಿ, ಮೂರಡಿ ಎತ್ತರದ, ದೀಪಕ್ಕೊಂದು ಗೂಡಿರುವ ತುಳಸಿಕಟ್ಟೆಯೂ ಎದ್ದಿತು. ಏಪ್ರಿಲ್ ಎರಡನೇ ವಾರದಲ್ಲಿ ಸೋರೆಯ ಕುಡಿಗಳು ಕಂಬ ಹಿಡಿದವು.

ಅನುಮತಿ ಕೇಳಬೇಕೆಂಬುದು ನಮಗೆ ಹೊಳೆಯಲೇ ಇಲ್ಲ. ಹಿತ್ತಲು ನಮ್ಮದು, ಸುತ್ತ ಆರಡಿ ಬೇಲಿಯಿದೆ, ಯಾರಿಗೇನು ತೊಂದರೆ ಎಂದುಕೊಂಡೆವು. 2019ರಲ್ಲಿ ಮನೆ ಕೊಂಡ ದಿನ ಸಹಿ ಹಾಕಿದ ಕಾಗದಗಳ ರಾಶಿಯಲ್ಲಿ ಬಡಾವಣೆಯ ನಿಬಂಧನೆಗಳ ದಸ್ತಾವೇಜೂ ಇತ್ತು. ಅದನ್ನು ನಾವು ಓದಿರಲಿಲ್ಲ. ಅದು ಭೂಮಿಯೊಂದಿಗೇ ಸಾಗುವ ಷರತ್ತು. ಓದಿರಲಿ ಬಿಡಲಿ, ಕೊಂಡವರನ್ನೆಲ್ಲ ಕಟ್ಟಿಹಾಕುತ್ತದೆ. ಹಿತ್ತಲಲ್ಲಿ ಯಾವುದೇ ಕಟ್ಟಡ ಅಥವಾ ರಚನೆ ಮಾಡುವ ಮುಂಚೆ ವಿನ್ಯಾಸ ಪರಿಶೀಲನಾ ಸಮಿತಿಯ ಲಿಖಿತ ಒಪ್ಪಿಗೆ ಪಡೆಯಬೇಕೆಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು.

ಏಪ್ರಿಲ್ 16ರ ದಿನಾಂಕದ ನೋಟಿಸು ಸಹಿ ಪಡೆದು ತಲುಪಿಸುವ ಸರ್ಟಿಫೈಡ್ ಅಂಚೆಯಲ್ಲಿ ಬಂತು. ಅದರಲ್ಲಿ ಎರಡು ಉಲ್ಲಂಘನೆಗಳಿದ್ದವು: ಒಪ್ಪಿಗೆಯಿಲ್ಲದ ಮರದ ರಚನೆ ಮತ್ತು ಒಪ್ಪಿಗೆಯಿಲ್ಲದ ಇಟ್ಟಿಗೆಯ ಪೀಠ. ಸರಿಪಡಿಸಲು ಒಂದು ಗಡುವು, ತಪ್ಪಿದರೆ ದಂಡ. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಎಚ್‌ಒಎ ಮನೆಯನ್ನೇ ಹರಾಜು ಹಾಕುತ್ತದೆಂಬ ಮಾತನ್ನು ಇಲ್ಲಿ ಎಲ್ಲರೂ ಕೇಳಿರುತ್ತಾರೆ. ಬೆಳಗ್ಗೆ ಎದ್ದು ಟೆಕ್ಸಸ್ ಆಸ್ತಿ ಸಂಹಿತೆಯ 209ನೇ ಅಧ್ಯಾಯವನ್ನು ತೆರೆದು ಕೂತೆ. ವಸತಿ ಬಡಾವಣೆಗಳ ಮಾಲೀಕರ ರಕ್ಷಣೆಗೆಂದೇ ಇರುವ ಅಧ್ಯಾಯ ಅದು, ಯಾರು ಬೇಕಾದರೂ ಓದಬಹುದು. ಬಾಕಿಯಿರುವುದು ಬರಿಯ ದಂಡದ ಹಣವಾದರೆ ಅದಕ್ಕಾಗಿ ಮನೆಯನ್ನು ಹರಾಜಿಗೆ ಹಾಕುವಂತಿಲ್ಲವೆಂದು ಅದರಲ್ಲಿದೆ. ಸರಿಪಡಿಸಬಹುದಾದ ಉಲ್ಲಂಘನೆಗೆ ಸಕಾರಣ ಕಾಲಾವಕಾಶ ಕೊಡದೆ ದಂಡ ಹಾಕುವಂತಿಲ್ಲ. ನೋಟಿಸು ಅಂಚೆಗೆ ಬಿದ್ದ ದಿನದಿಂದ 30 ದಿನದೊಳಗೆ ಮಾಲೀಕರು ಸಂಘದ ಆಡಳಿತ ಮಂಡಳಿಯ ಮುಂದೆ ವಿಚಾರಣೆ ಕೇಳಬಹುದು. 2024ರ ಜನವರಿ 1ರಿಂದ, ಯಾವ ಬಗೆಯ ಉಲ್ಲಂಘನೆಗೆ ಎಷ್ಟು ದಂಡವೆಂಬ ಪಟ್ಟಿಯನ್ನು ಸಂಘಗಳು ಮೊದಲೇ ನಿಗದಿಮಾಡಿ ಮಾಲೀಕರಿಗೆ ತಿಳಿಸಿರಬೇಕೆಂಬ ನಿಯಮವೂ ಬಂದಿದೆ. ಇಷ್ಟು ಓದುವಷ್ಟರಲ್ಲಿ ಎದೆಬಡಿತ ಹದಕ್ಕೆ ಬಂತು.

ತುಳಸಿಕಟ್ಟೆಯ ಪ್ರಶ್ನೆ ಬಲುಬೇಗ ಬಗೆಹರಿಯಿತು. ಅದೇ ಸಂಹಿತೆಯ 202.018ನೇ ಪ್ರಕರಣದ (ಸೆಕ್ಷನ್) ಪ್ರಕಾರ, ಪ್ರಾಮಾಣಿಕ ಧಾರ್ಮಿಕ ನಂಬಿಕೆಯಿಂದ ಮಾಲೀಕರು ತಮ್ಮ ಜಾಗದಲ್ಲಿ ಇಡುವ ಧಾರ್ಮಿಕ ವಸ್ತುಗಳನ್ನು ಸಂಘದ ನಿಬಂಧನೆ ನಿಷೇಧಿಸುವಂತಿಲ್ಲ. ಮೊದಲು ಈ ರಕ್ಷಣೆ ಬಾಗಿಲಿನ ಸುತ್ತಮುತ್ತಲಿಗೆ ಸೀಮಿತವಾಗಿತ್ತು. 2021ರ ತಿದ್ದುಪಡಿ ಅದನ್ನು ಇಡೀ ನಿವೇಶನಕ್ಕೆ ವಿಸ್ತರಿಸಿತು. ಸಾರ್ವಜನಿಕ ಸುರಕ್ಷತೆಗೆ ಅಪಾಯವಾಗಬಾರದು, ಕಟ್ಟಡ ರೇಖೆಯನ್ನಾಗಲಿ, ಸಾರ್ವಜನಿಕ ಸೇವೆಗಳಿಗೆಂದು ಬಿಟ್ಟ ಈಸ್‌ಮೆಂಟ್ ಪಟ್ಟಿಯನ್ನಾಗಲಿ ಅತಿಕ್ರಮಿಸಬಾರದು ಎಂಬಂಥ ಕೆಲವು ಹೊರಪಡಿಕೆಗಳಿವೆ. ನಮ್ಮ ಕಟ್ಟೆ ಅಡುಗೆಮನೆಯ ಬಾಗಿಲಿನಿಂದ ಆರು ಹೆಜ್ಜೆಯಲ್ಲಿತ್ತು. ತುಳಸಿ ಎಂದರೇನು, ಪ್ರತಿದಿನ ಅಲ್ಲಿ ಏನು ನಡೆಯುತ್ತದೆ ಎಂದು ಅರ್ಧ ಪುಟ ಬರೆದು, ಪ್ರಕರಣದ ಸಂಖ್ಯೆ ಸೇರಿಸಿ, ಸಂಘದ ನಿರ್ವಹಣೆ ನೋಡಿಕೊಳ್ಳುವ ಸಂಸ್ಥೆಗೆ ಮಿಂಚಂಚೆ ಕಳಿಸಿದೆ. ಎರಡೇ ದಿನದಲ್ಲಿ ಆ ಆಕ್ಷೇಪಣೆಯನ್ನು ಕೈಬಿಟ್ಟಿರುವುದಾಗಿ ಉತ್ತರ ಬಂತು.

ಇದನ್ನು ಕೇಳಿದ ಒಬ್ಬ ಹಿತೈಷಿಗಳು, ಚಪ್ಪರವನ್ನೂ ತುಳಸಿ ಮಂಟಪವೆಂದು ಬರೆದುಕೊಟ್ಟರೆ ಎಲ್ಲವೂ ಒಂದೇ ಏಟಿಗೆ ಮುಗಿಯುತ್ತದೆ ಎಂದರು. ನಾನು ಒಂದು ಗಳಿಗೆ ಯೋಚಿಸಿದ್ದು ನಿಜ. ಅಮ್ಮ ಒಪ್ಪಲಿಲ್ಲ. "ಅಲ್ಲ ಕಣೇ, ಸೋರೆಕಾಯಿ ಚಪ್ಪರಕ್ಕೆ ದೇವರ ಹೆಸರು ಯಾಕೆ ಹೇಳ್ಬೇಕು? ಸೋರೆಕಾಯಿಗೆ ಅಂತಾನೇ ಕೇಳು, ಕೊಟ್ರೆ ಕೊಡ್ಲಿ" ಎಂದರು. ಕಾನೂನಿನಲ್ಲಿರುವ ಪ್ರಾಮಾಣಿಕ ಎಂಬ ಪದವನ್ನು ನಾವು ಅಗ್ಗ ಮಾಡಿದರೆ ನಾಳೆ ನಿಜವಾದ ಕಟ್ಟೆ ಕಟ್ಟಿಕೊಂಡವರ ಮಾತಿಗೂ ಬೆಲೆ ಇರುವುದಿಲ್ಲ ಎಂದು ನನಗೂ ಅನ್ನಿಸಿತು. ಚಪ್ಪರವನ್ನು ಚಪ್ಪರವೆಂದೇ ವಾದಿಸುವುದೆಂದು ತೀರ್ಮಾನಿಸಿದೆವು.

ಆ ವಾದ ಸುಲಭದ್ದಾಗಿರಲಿಲ್ಲ. ಸೌರಫಲಕ, ಮಳೆನೀರಿನ ಪೀಪಾಯಿ, ಗೊಬ್ಬರದ ಗುಂಡಿ, ಈಜುಕೊಳದ ಸುತ್ತಲಿನ ಬೇಲಿ, ಭದ್ರತಾ ಕ್ಯಾಮೆರಾ ಮುಂತಾದವುಗಳಿಗೆ ಟೆಕ್ಸಸ್ ಶಾಸನಸಭೆ ಒಂದೊಂದಾಗಿ ರಕ್ಷಣೆ ಕೊಟ್ಟಿದೆ. ಬಳ್ಳಿಯ ಚಪ್ಪರ ಆ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಅಷ್ಟೇ ಅಲ್ಲ, ಸಂಘವು ತನ್ನ ವಿವೇಚನೆಯಿಂದ ಮಾಡಿದ ತೀರ್ಮಾನ ಸಕಾರಣವಾದದ್ದೆಂದೇ ನ್ಯಾಯಾಲಯ ಮೊದಲು ಭಾವಿಸಬೇಕೆಂದು 202.004ನೇ ಪ್ರಕರಣ ಹೇಳುತ್ತದೆ. ಅದು ಮನಸೋ ಇಚ್ಛೆಯದು ಅಥವಾ ತಾರತಮ್ಯದ್ದು ಎಂದು ತೋರಿಸಬೇಕಾದವರು ಮಾಲೀಕರು. ಹಾಗಾಗಿ ನನ್ನ ಜಾಗ, ನನ್ನ ಇಷ್ಟ ಎಂದು ಕೂಗಿ ಪ್ರಯೋಜನವಿರಲಿಲ್ಲ. ಆದರೆ ಸಂಘ ನಡೆದುಕೊಳ್ಳಬೇಕಾದ ರೀತಿಯೊಂದಿದೆ, ಆ ರೀತಿಯನ್ನು ಕೇಳುವ ಹಕ್ಕು ನನಗಿತ್ತು. ನನಗೆ ದಾರಿ ತೋರಿಸಿದ್ದು ಅದೇ.

ಮೊದಲು ತಪ್ಪನ್ನು ಒಪ್ಪಿಕೊಂಡು, ಕಟ್ಟಿದ ಮೇಲೆ ಅರ್ಜಿ ಹಾಕುತ್ತಿದ್ದೇವೆಂದು ಬರೆದು, ಅಳತೆ, ಮರದ ಬಗೆ ಮತ್ತು ಆರು ಚಿತ್ರಗಳೊಂದಿಗೆ ಪರಿಶೀಲನಾ ಸಮಿತಿಗೆ ಅರ್ಜಿ ಸಲ್ಲಿಸಿದೆವು. ಮೇ 10ರಂದು ತಿರಸ್ಕಾರದ ಪತ್ರ ಬಂತು. ಅದರಲ್ಲಿದ್ದದ್ದು ಎರಡು ಸಾಲು: ರಚನೆಯು ಬಡಾವಣೆಯ ಒಟ್ಟು ಸೌಂದರ್ಯಕ್ಕೆ ಹೊಂದುವುದಿಲ್ಲ, ವಿನ್ಯಾಸ ಮಾರ್ಗಸೂಚಿಯ ಪ್ರಕಾರ ಹಿತ್ತಲ ರಚನೆಗಳು ಆರಡಿ ಮೀರುವಂತಿಲ್ಲ.

ಈ ಎರಡು ಸಾಲುಗಳ ಮೇಲೆ ನಾನು ಮೂರ್ನಾಲ್ಕು ದಿನ ಕೂತೆ. 2021ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ 209.00505ನೇ ಪ್ರಕರಣ ಇಂಥ ಸಂದರ್ಭಕ್ಕೆಂದೇ ಇದೆ. ಅರ್ಜಿ ತಿರಸ್ಕರಿಸುವ ಸಮಿತಿಯು ಅದಕ್ಕೆ ಕಾರಣವನ್ನು ತಕ್ಕಷ್ಟು ವಿವರವಾಗಿ ಬರೆಯಬೇಕು. ಏನೇನು ಬದಲಾಯಿಸಿದರೆ ಒಪ್ಪಿಗೆ ಸಿಗುತ್ತದೆಂದೂ ಹೇಳಬೇಕು. 30 ದಿನದೊಳಗೆ ಆಡಳಿತ ಮಂಡಳಿಯ ಮುಂದೆ ಮೇಲ್ಮನವಿ ಸಲ್ಲಿಸಬಹುದೆಂದು ತಿಳಿಸಬೇಕು. ಮನವಿ ತಲುಪಿದ 30 ದಿನದೊಳಗೆ ಮಂಡಳಿ ವಿಚಾರಣೆ ನಡೆಸಬೇಕು, ಅದರ ದಿನ, ಸಮಯ, ಸ್ಥಳವನ್ನು ಕನಿಷ್ಠ ಹತ್ತು ದಿನ ಮುಂಚೆ ತಿಳಿಸಬೇಕು. ನಲವತ್ತಕ್ಕಿಂತ ಹೆಚ್ಚು ನಿವೇಶನಗಳಿರುವ ಸಂಘದಲ್ಲಿ ಮಂಡಳಿಯ ಸದಸ್ಯರಾಗಲಿ, ಅವರ ಗಂಡ ಹೆಂಡಿರಾಗಲಿ, ಅವರ ಮನೆಯಲ್ಲಿ ವಾಸಿಸುವವರಾಗಲಿ ಪರಿಶೀಲನಾ ಸಮಿತಿಯಲ್ಲಿ ಇರುವಂತಿಲ್ಲ. ಬೇಡವೆಂದವರ ಮುಂದೆಯೇ ಮತ್ತೆ ಹೋಗಿ ನಿಲ್ಲಬೇಕಾದ ಸ್ಥಿತಿ ಇದರಿಂದ ತಪ್ಪುತ್ತದೆ, ಹಾಗಾಗಿ ಮೇಲ್ಮನವಿಗೆ ನಿಜವಾದ ಅರ್ಥವಿದೆ. ಮೇ 14ರಂದು, ನೋಟಿಸಿನ ಗಡುವಿಗೆ ಎರಡು ದಿನ ಉಳಿದಿರುವಾಗ, ಉಲ್ಲಂಘನೆಯ ವಿಚಾರಣೆ ಮತ್ತು ತಿರಸ್ಕಾರದ ಮೇಲ್ಮನವಿ ಎರಡನ್ನೂ ಒಂದೇ ಪತ್ರದಲ್ಲಿ ಕೇಳಿ ಸರ್ಟಿಫೈಡ್ ಅಂಚೆಗೆ ಹಾಕಿದೆ. ಎರಡನ್ನೂ ಜೂನ್ 11ರ ಸಂಜೆ ಒಟ್ಟಿಗೆ ಕೇಳುವುದಾಗಿ ಮಂಡಳಿ ತಿಳಿಸಿತು.

ಇನ್ನು ಆರಡಿಯ ಮಿತಿ. ಬಡಾವಣೆಯ ನಿಬಂಧನೆ, ಮಾರ್ಗಸೂಚಿಗಳಂಥ ದಸ್ತಾವೇಜುಗಳು ಕೌಂಟಿಯ ಆಸ್ತಿ ದಾಖಲೆಗಳಲ್ಲಿ ನೋಂದಣಿಯಾಗುವವರೆಗೆ ಜಾರಿಯಾಗುವುದಿಲ್ಲವೆಂದು 202.006ನೇ ಪ್ರಕರಣದಲ್ಲಿದೆ. ಕೌಂಟಿ ಕ್ಲರ್ಕ್ ಕಚೇರಿಯ ದಾಖಲೆಗಳನ್ನು ಮನೆಯಲ್ಲೇ ಕೂತು ಹುಡುಕಬಹುದು. ಬಡಾವಣೆಯ ಹೆಸರು ಹಾಕಿ ಹುಡುಕಿದೆ. ಮೂಲ ದಸ್ತಾವೇಜು ಸಿಕ್ಕಿತು, ಒಂದು ಹಳೆಯ ತಿದ್ದುಪಡಿ ಸಿಕ್ಕಿತು. ಆರಡಿಯ ಮಿತಿ ಇರುವ, ಹಿಂದಿನ ವರ್ಷವಷ್ಟೇ ಪರಿಷ್ಕರಿಸಿದ ಮಾರ್ಗಸೂಚಿ ಮಾತ್ರ ಎಲ್ಲೂ ಇರಲಿಲ್ಲ. ಖಚಿತವಾಗಲೆಂದು ಕೌಂಟಿಯ ಕೇಂದ್ರವಾದ ಜಾರ್ಜ್‌ಟೌನ್‌ಗೆ ಹೋಗಿ ಕಚೇರಿಯಲ್ಲೂ ವಿಚಾರಿಸಿದೆ. ಅಲ್ಲಿಯೂ ಇರಲಿಲ್ಲ. ಮೂಲ ದಸ್ತಾವೇಜಿನಲ್ಲಿ ಎತ್ತರದ ಮಾತೇ ಇಲ್ಲ. ನಿಬಂಧನೆಯಲ್ಲಿ ಬರೆಯದಿರುವ ನಿರ್ಬಂಧವನ್ನು ಅದರೊಳಗೆ ಎಳೆದು ತರುವಂತಿಲ್ಲವೆಂಬ ನಿಲುವನ್ನು ಟೆಕ್ಸಸ್ ಸುಪ್ರೀಂ ಕೋರ್ಟ್ 2018ರಲ್ಲಿ ಟಿಂಬರ್‌ವುಡ್ ಪಾರ್ಕ್ ಬಡಾವಣೆಯ ಮೊಕದ್ದಮೆಯಲ್ಲಿ ತಳೆದಿದೆ. ಅದು ಅಲ್ಪಾವಧಿ ಬಾಡಿಗೆಯ ವ್ಯಾಜ್ಯ, ಆದರೂ ಅದರ ತರ್ಕ ನನಗೆ ಧೈರ್ಯ ಕೊಟ್ಟಿತು.

ವಿಚಾರಣೆಗೆ ಹನ್ನೊಂದು ದಿನ ಮುಂಚೆ ಸಂಘವು ಮಂಡಿಸಲಿರುವ ದಾಖಲೆಗಳ ಕಟ್ಟು ಕೈಸೇರಿತು. ಉಲ್ಲಂಘನೆಯ ವಿಚಾರಣೆಗೆ ಮುಂಚೆ ಅದನ್ನು ಕೊಡಲೇಬೇಕೆಂಬುದು ಕಾನೂನು. ಅದರಲ್ಲಿ ಬೇಲಿಯಾಚೆಯಿಂದ ತೆಗೆದ ನಾಲ್ಕು ಚಿತ್ರಗಳಿದ್ದವು. ಒಂದರಲ್ಲಿ ಅಮ್ಮ ಇದ್ದರು: ಕಂಬದ ಪಕ್ಕ ಸ್ಟೂಲಿನ ಮೇಲೆ ನಿಂತು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಂದು ಕುಡಿಯನ್ನು ಜಾಲರಿಗೆ ದಾರದಿಂದ ಕಟ್ಟುತ್ತಿದ್ದಾರೆ. ಆ ಚಿತ್ರದ ಕೆಳಗೆ ಉಲ್ಲಂಘನೆ ಎಂಬ ಮೊಹರು. ಇಡೀ ಏಳು ತಿಂಗಳಲ್ಲಿ ನನಗೆ ಅತ್ಯಂತ ನೋವಾದದ್ದು ಆ ಹಾಳೆಯನ್ನು ನೋಡಿದಾಗ. ಅಮ್ಮನಿಗೆ ಅದನ್ನು ತೋರಿಸಲಿಲ್ಲ.

ಅದೇ ಕಟ್ಟಿನಲ್ಲಿ ನಮ್ಮ ನಿವೇಶನದ ಸರ್ವೆ ನಕ್ಷೆಯ ಪ್ರತಿಯೂ ಇತ್ತು. ನಮ್ಮಲ್ಲೂ ಒಂದು ಪ್ರತಿಯಿತ್ತು, ಖರೀದಿಯ ಕಾಗದಗಳ ಜೊತೆ, ಬಿಚ್ಚಿ ನೋಡಿರಲಿಲ್ಲ. ಹಿಂಬದಿಯ ಬೇಲಿಯ ಉದ್ದಕ್ಕೂ ಏಳೂವರೆ ಅಡಿ ಅಗಲದ ಪಟ್ಟಿಯೊಂದನ್ನು ಚುಕ್ಕೆಗೆರೆಯಲ್ಲಿ ಗುರುತಿಸಿತ್ತು. ವಿದ್ಯುತ್, ದೂರವಾಣಿ ತಂತಿಗಳಂಥ ಸಾರ್ವಜನಿಕ ಸೇವೆಗಳಿಗೆಂದು ಬಿಟ್ಟ ಈಸ್‌ಮೆಂಟ್ ಅದು. ನೆಲ ನಮ್ಮದೇ, ಆದರೆ ಸೇವಾ ಸಂಸ್ಥೆಗಳಿಗೆ ಅಲ್ಲಿ ಅಗೆದು ರಿಪೇರಿ ಮಾಡುವ ಹಕ್ಕಿದೆ. ಅಂದು ಸಂಜೆ ಪತಿ ಟೇಪು ಹಿಡಿದು ಅಳೆದರು. ಹಿಂದಿನ ಎರಡೂ ಕಂಬಗಳು ಬೇಲಿಯಿಂದ ಐದೂವರೆ ಅಡಿಯಲ್ಲಿದ್ದವು, ಪಟ್ಟಿಯೊಳಗೆ ಎರಡಡಿ. ಸಮಿತಿಯ ತಿರಸ್ಕಾರ ಪತ್ರದಲ್ಲಿ ಈ ಮಾತೇ ಇರಲಿಲ್ಲ. ಸೌಂದರ್ಯದ ಬದಲು ಇದನ್ನೇ ಬರೆದಿದ್ದರೆ ನಾವು ಆ ದಿನವೇ ಒಪ್ಪಿಕೊಳ್ಳುತ್ತಿದ್ದೆವು. ಕಾರಣವನ್ನು ವಿವರವಾಗಿ ಬರೆಯಬೇಕೆಂದು ಕಾನೂನು ಒತ್ತಾಯಿಸುವುದು ಯಾಕೆಂದು ನನಗೆ ಆಗ ಪೂರ್ತಿ ಮನದಟ್ಟಾಯಿತು.

ಜೂನ್ 11ರ ಸಂಜೆ ಬಡಾವಣೆಯ ಕ್ಲಬ್‌ಹೌಸ್‌ನಲ್ಲಿ ವಿಚಾರಣೆ ನಡೆಯಿತು. ಮಂಡಳಿಯ ಐವರು, ನಿರ್ವಹಣಾ ಸಂಸ್ಥೆಯ ಒಬ್ಬರು, ನಾವಿಬ್ಬರು. ಧ್ವನಿಮುದ್ರಣ ಮಾಡಿಕೊಳ್ಳುವ ಹಕ್ಕಿದೆಯೆಂದು ಓದಿದ್ದರಿಂದ ಮೊದಲೇ ತಿಳಿಸಿ ಫೋನನ್ನು ಮೇಜಿನ ಮೇಲಿಟ್ಟೆ, ಯಾರೂ ಆಕ್ಷೇಪಿಸಲಿಲ್ಲ. ಅನುಮತಿಯಿಲ್ಲದೆ ಕಟ್ಟಿದ್ದು ತಪ್ಪು, ಹಿಂದಿನ ಕಂಬಗಳು ಈಸ್‌ಮೆಂಟ್‌ನಲ್ಲಿರುವುದೂ ತಪ್ಪು, ಅವನ್ನು ನಮ್ಮ ಖರ್ಚಿನಲ್ಲಿ ಸರಿಸುತ್ತೇವೆ ಎಂದು ಮೊದಲೇ ಹೇಳಿದೆ. ಆಮೇಲೆ, ಆರಡಿಯ ಮಿತಿ ಇರುವ ಮಾರ್ಗಸೂಚಿಯ ನೋಂದಣಿ ಸಂಖ್ಯೆಯನ್ನು ದಯವಿಟ್ಟು ಹೇಳಿ ಎಂದು ಕೇಳಿದೆ. ನಿರ್ವಹಣಾ ಸಂಸ್ಥೆಯವರು ಕಡತ ತಿರುವಿದರು, ಲ್ಯಾಪ್‌ಟಾಪ್ ನೋಡಿದರು. ಸಂಖ್ಯೆ ಇರಲಿಲ್ಲ. ಮಂಡಳಿಯ ಅಧ್ಯಕ್ಷರು ಆ ಮಾರ್ಗಸೂಚಿಯನ್ನು ಬದಿಗಿಟ್ಟು ಮುಂದುವರಿಯೋಣ ಎಂದರು. ಅವರು ಅಲ್ಲಿ ಹಟ ಮಾಡಲಿಲ್ಲವೆಂಬುದನ್ನು ನಾನು ಗೌರವದಿಂದ ನೆನೆಯುತ್ತೇನೆ.

ಉಳಿದದ್ದು ಸೌಂದರ್ಯದ ಮಾತು. ಹಿಂದಿನ ಮನೆಯವರು ಮತ್ತು ಎಡಬದಿಯ ಮನೆಯವರು ತಮಗೆ ಆಕ್ಷೇಪಣೆಯಿಲ್ಲವೆಂದು ಬರೆದುಕೊಟ್ಟಿದ್ದ ಪತ್ರಗಳನ್ನು ಕೊಟ್ಟೆ. ಬಡಾವಣೆಯಲ್ಲೇ ಬೇಲಿಗಿಂತ ಎತ್ತರವಿರುವ, ಒಪ್ಪಿಗೆ ಪಡೆದ ಮೂರು ಪರ್ಗೋಲಾಗಳ (ಕಂಬದ ಮೇಲೆ ತೊಲೆ ಹಾಸಿದ ತೆರೆದ ಚಪ್ಪರಗಳು) ಚಿತ್ರಗಳನ್ನು ರಸ್ತೆಯಲ್ಲಿ ನಿಂತು ತೆಗೆದಿದ್ದೆ; ಮನೆಗಳ ಸಂಖ್ಯೆ ಕಾಣದಂತೆ ಮುಚ್ಚಿ ಅವನ್ನು ಮುಂದಿಟ್ಟೆ. ಯಾರ ಮೇಲೂ ದೂರು ಹೇಳುವುದು ನನಗೆ ಬೇಕಿರಲಿಲ್ಲ. ಅವರಿಗೆ ಕೊಟ್ಟ ಒಪ್ಪಿಗೆಯನ್ನು ನಮಗೇಕೆ ಕೊಡಲಾಗದು ಎಂಬುದಷ್ಟೇ ನನ್ನ ಪ್ರಶ್ನೆ. ಮಂಡಳಿಯ ಹಿರಿಯ ಸದಸ್ಯೆಯೊಬ್ಬರು ಅಷ್ಟು ಹೊತ್ತು ಮಾತಾಡದೆ ಕೂತಿದ್ದವರು, ಕಂಬ ಎಷ್ಟು ಆಳದಲ್ಲಿದೆ, ಬಳ್ಳಿ ತುಂಬಿದಾಗ ಬಿರುಗಾಳಿಗೆ ಆ ಜಾಲರಿ ಹಾರಿ ಪಕ್ಕದ ಮನೆಗೆ ಬೀಳುವುದಿಲ್ಲವೇ ಎಂದು ಕೇಳಿದರು. ಅಂದು ಕೇಳಿದ ಪ್ರಶ್ನೆಗಳಲ್ಲೆಲ್ಲ ಅದೇ ಅತ್ಯಂತ ಒಳ್ಳೆಯ ಪ್ರಶ್ನೆ. ಇಲ್ಲಿಯ ವಸಂತದ ಬಿರುಗಾಳಿ ಎಂಥದೆಂದು ಎಲ್ಲರಿಗೂ ಗೊತ್ತು. ಪತಿ ಗುಂಡಿಯ ಆಳ ಹೇಳಿ, ಜಾಲರಿಯನ್ನು ಬರಿಯ ಮೊಳೆಗಳ ಬದಲು ಬೋಲ್ಟು ಮತ್ತು ಉಕ್ಕಿನ ಪಟ್ಟಿಗಳಿಂದ ಬಿಗಿಯುವುದಾಗಿ ಒಪ್ಪಿದರು.

ಸಮಿತಿಯ ತೀರ್ಮಾನವನ್ನು ಎತ್ತಿಹಿಡಿಯಲು, ಬದಲಿಸಲು, ರದ್ದುಮಾಡಲು ಮಂಡಳಿಗೆ ಅಧಿಕಾರವಿದೆ. ಅವರು ಬದಲಿಸಿದರು. ಎಂಟು ಅಡಿ ಎತ್ತರಕ್ಕೆ ಒಪ್ಪಿಗೆ. ಹಿಂದಿನ ಕಂಬಗಳು ಈಸ್‌ಮೆಂಟ್‌ನಿಂದ ಹೊರಬರಬೇಕು. ಮರಕ್ಕೆ ಬೇಲಿಯ ಬಣ್ಣವೇ ಇರಬೇಕು. ಜಾಲರಿಯನ್ನು ಉಕ್ಕಿನ ಪಟ್ಟಿಯಿಂದ ಬಿಗಿಯಬೇಕು. ದಂಡವಿಲ್ಲ. ಕೆಲಸ ಮುಗಿಸಲು ಮೂವತ್ತು ದಿನ ಎಂದಾಗ ನಾನು ಇನ್ನೊಂದು ಮಾತು ಕೇಳಿದೆ: ಬಳ್ಳಿ ಈಗ ಹೂ ಬಿಟ್ಟಿದೆ, ಈಗ ಕಂಬ ಕಿತ್ತರೆ ಎಲ್ಲವೂ ಸಾಯುತ್ತದೆ, ಅಮ್ಮ ಸೆಪ್ಟೆಂಬರ್‌ನಲ್ಲಿ ಹಿಂದಿರುಗುತ್ತಾರೆ. ಒಂದೆರಡು ನಿಮಿಷ ತಮ್ಮೊಳಗೆ ಮಾತಾಡಿಕೊಂಡು ನವೆಂಬರ್ 30ರವರೆಗೆ ಗಡುವು ಕೊಟ್ಟರು. ಜಾಲರಿಯನ್ನು ಮಾತ್ರ ಆ ವಾರವೇ ಬಿಗಿಯಬೇಕೆಂದು ಆ ಹಿರಿಯ ಸದಸ್ಯೆ ಸೇರಿಸಿದರು. ಬಿಗಿದೆವು.

ಆ ಬೇಸಿಗೆಯಲ್ಲಿ ಸೋರೆ ಚೆನ್ನಾಗಿ ಬಂತು. ಅಮ್ಮ ಎಡಬದಿ ಮನೆಯವರಿಗೂ ಹಿಂದಿನ ಮನೆಯವರಿಗೂ ಎಳೆಕಾಯಿ ಕೊಟ್ಟು, ಸೆಪ್ಟೆಂಬರ್ ಮೊದಲ ವಾರದಲ್ಲಿ ಊರಿಗೆ ಹೊರಟರು.

ಕಂಬ ಸರಿಸಿದ್ದು ನವೆಂಬರ್ 9ರ ಶನಿವಾರ, ಉತ್ಥಾನ ದ್ವಾದಶಿಗೆ ನಾಲ್ಕು ದಿನ ಮುಂಚೆ. ಈ ಸಲ ಅಗೆಯುವ ಮೊದಲು, ಆ ವಾರದ ಸೋಮವಾರವೇ 811ಕ್ಕೆ ಕರೆ ಮಾಡಿದ್ದೆವು. ಆ ಸೇವೆಗೆ ಹಣ ಕೊಡಬೇಕಾಗಿಲ್ಲ. ನೆಲದಡಿಯ ಕೊಳವೆ, ತಂತಿಗಳನ್ನು ಗುರುತಿಸಿ ಬಣ್ಣದ ಬಾವುಟ ನೆಟ್ಟು ಹೋಗುತ್ತಾರೆ. ಕೆಂಪು ವಿದ್ಯುತ್ತಿಗೆ, ಹಳದಿ ಅನಿಲಕ್ಕೆ, ನೀಲಿ ಕುಡಿಯುವ ನೀರಿಗೆ, ಕಿತ್ತಳೆ ದೂರಸಂಪರ್ಕದ ತಂತಿಗೆ. ಮಾರ್ಚ್‌ನಲ್ಲಿ ನಾವು ಆ ಕರೆ ಮಾಡಿರಲಿಲ್ಲ. ಬೆಳಗ್ಗೆ ಒಂಬತ್ತಕ್ಕೆ, ಅಲ್ಲಿ ರಾತ್ರಿ ಊಟದ ಹೊತ್ತು, ಅಮ್ಮ ವಿಡಿಯೊ ಕರೆಯಲ್ಲಿ ನೋಡುತ್ತಿದ್ದರು. ಹಳೆಯ ಕಂಬ ಹೊರಬಂದ ಕೂಡಲೇ, "ಆ ಕಿತ್ತಳೆ ಬಾವುಟ ಗುಂಡಿಗೆ ಅಷ್ಟು ಹತ್ರ ಇದೆಯಲ್ಲ, ಎಷ್ಟಿದೆ ನೋಡು" ಎಂದರು. ಪತಿ ಟೇಪು ಹಿಡಿದು ಅಳೆದರು. ಗುಂಡಿಯ ಅಂಚಿನಿಂದ ಬಾವುಟಕ್ಕೆ ಒಂಬತ್ತು ಅಂಗುಲ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಹೊಸ ಗುಂಡಿಗಳನ್ನು ಬೇಲಿಯಿಂದ ಎಂಟು ಅಡಿಯಲ್ಲಿ ತೆಗೆದು ಕಾಂಕ್ರೀಟ್ ಹಾಕಿದೆವು. ಟೇಪನ್ನು ಬೇಲಿಯಿಂದ ಕಂಬದವರೆಗೆ ಎಳೆದು ಹಿಡಿದು ತೆಗೆದ ಚಿತ್ರಗಳನ್ನು ಸಂಘಕ್ಕೆ ಕಳಿಸಿದೆ. ನವೆಂಬರ್ 21ರಂದು ಕಡತ ಮುಚ್ಚಲಾಗಿದೆಯೆಂಬ ಪತ್ರ ಬಂತು. ಅದನ್ನು ಮನೆ ಖರೀದಿಯ ಕಾಗದಗಳ ಕಟ್ಟಿನಲ್ಲಿ, ಸರ್ವೆ ನಕ್ಷೆಯ ಹಿಂದೆ ಇಟ್ಟಿದ್ದೇನೆ.